ಹಳೆ ಮಾನ್‌ಸ್ಟರ್ 795ಕ್ಕೆ ಪಾರ್ಟ್ಸ್ ಗುರುತಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಚಿಕ್ಕಮಗಳೂರಿನಿಂದ, ಕೇಳಿದವರು:

ನಮಸ್ಕಾರ. ಎರಡು ತಿಂಗಳ ಹಿಂದೆ 2013ರ ಡುಕಾಟಿ ಮಾನ್‌ಸ್ಟರ್ 795 ಕೊಂಡೆ. ಮೂರನೇ ಓನರ್ ನಾನು. 19 ಸಾವಿರ ಕಿ.ಮೀ. ಓಡಿದೆ, ಸರ್ವಿಸ್ ಪುಸ್ತಕ ಇಲ್ಲ. ಗಾಡಿ ಚೆನ್ನಾಗಿದೆ, ಮುಳ್ಳಯ್ಯನಗಿರಿ ಕಡೆ ಬೆಳಿಗ್ಗೆ ಹೊರಟರೆ ಮನೆಗೆ ವಾಪಸ್ ಬರಲು ಮನಸ್ಸೇ ಆಗುವುದಿಲ್ಲ. ತೊಂದರೆ ಪಾರ್ಟ್ಸಿನದು. ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಸವೆದಿತ್ತು ಅಂತ ಆರ್ಡರ್ ಮಾಡಿದೆ, ಎರಡು ವಾರ ಕಾದೆ, ಬಂದದ್ದು ಕೂರಲೇ ಇಲ್ಲ. ಅಂಗಡಿಯವರು ಮಾನ್‌ಸ್ಟರ್ 796 ಅನ್ನುವ ಬೇರೆ ಮಾಡೆಲಿನದ್ದು ಕಳಿಸಿದ್ದರು, "ಎರಡೂ ಒಂದೇ ಸರ್" ಅಂದರು. ವಾಪಸ್ಸೂ ತೆಗೆದುಕೊಳ್ಳಲಿಲ್ಲ. ಪ್ರತಿ ಸಣ್ಣ ಕೆಲಸಕ್ಕೂ ಬೆಂಗಳೂರಿಗೆ ಹೋಗಲು ಆಗುವುದಿಲ್ಲ. ಸರಿಯಾದ ಪಾರ್ಟ್ ಯಾವುದು ಅಂತ ತಿಳಿಯುವುದು ಹೇಗೆ? ಮೊದಲು ಏನೇನು ನೋಡಬೇಕು? ಮಳೆಗಾಲ ಬೇರೆ ಹತ್ತಿರ ಬಂತು.

ಹಾಸನದಿಂದ:

ನನ್ನ ಹತ್ತಿರವೂ 795 ಇದೆ, ಏಳು ವರ್ಷ ಆಯಿತು. ನಿಮಗೆ ಆದದ್ದೇ ನನಗೂ ಆಗಿದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

795 ಅನ್ನುವುದು ಏಷ್ಯಾದ ಮಾರುಕಟ್ಟೆಗೆ ಅಂತ ಮಾಡಿದ ಗಾಡಿ. ನಮ್ಮಲ್ಲಿ 2012ರಲ್ಲಿ ಬಂತು. ಎಂಜಿನ್ 796ರದ್ದು, 803 ಸಿಸಿ. ಚಾಸಿ ಮಾತ್ರ ಸಣ್ಣ ಮಾನ್‌ಸ್ಟರ್ ಆದ 696ರ ಕಡೆಯದ್ದು. 796ಕ್ಕೆ ಹಿಂದೆ ಒಂದೇ ಕಡೆ ಹಿಡಿಯುವ ಸ್ವಿಂಗ್‌ಆರ್ಮ್ (ಹಿಂಚಕ್ರ ಹಿಡಿಯುವ ತೋಳು), ನಮ್ಮದಕ್ಕೆ ಎರಡೂ ಕಡೆ ಹಿಡಿಯುವ ಮಾಮೂಲಿ ಸ್ವಿಂಗ್‌ಆರ್ಮ್. 796ಕ್ಕೆ ಹಿಂದಿನ ಟೈರ್ 180/55, ನಮ್ಮದಕ್ಕೆ 160/60. ಹಾಗಾದ ಮೇಲೆ ನಿಮ್ಮ ಸ್ಪ್ರಾಕೆಟ್ ಹೇಗೆ ಕೂರುತ್ತದೆ ಹೇಳಿ? ಬೆಲ್ಟ್, ಗ್ಯಾಸ್ಕೆಟ್ ತರ ಎಂಜಿನ್ ಸಾಮಾನು ಬೇಕಾದಾಗ 796ರ ಪಟ್ಟಿ ನೋಡಿ. ಚಕ್ರ, ಸ್ವಿಂಗ್‌ಆರ್ಮ್ ಕಡೆಯದ್ದಕ್ಕೆ 696ರದ್ದು. ಇದು ಶುರುವಿಗೆ ದಾರಿ ತೋರಿಸುತ್ತದೆ ಅಷ್ಟೇ, ದುಡ್ಡು ಕೊಡುವ ಮುಂಚೆ ಪಾರ್ಟ್ ನಂಬರ್ ನೋಡಲೇಬೇಕು. ಇದರಲ್ಲಿ ಬೇಜಾರಾಗುವಂಥದ್ದೇನೂ ಇಲ್ಲ, 1993ರ ಮೊದಲ ಮಾನ್‌ಸ್ಟರೇ ಹಾಗೆ ಹುಟ್ಟಿದ್ದು. ಡಿಸೈನರ್ ಮಿಗೆಲ್ ಗಲ್ಲೂಝಿ ಅದನ್ನು ಕಟ್ಟಿದ್ದು ಡುಕಾಟಿಯದೇ ಬೇರೆ ಗಾಡಿಗಳಾದ 851ರ ಫ್ರೇಮು, 900 ಸೂಪರ್‌ಸ್ಪೋರ್ಟಿನ ಎಂಜಿನ್ ಇಟ್ಟುಕೊಂಡು.

ಚಾಸಿ ನಂಬರ್ 17 ಅಕ್ಷರದ್ದು, ಪೂರ್ತಿ ಬರೆದಿಟ್ಟುಕೊಳ್ಳಿ. ಇಟಲಿಯ ಬೊಲೊನ್ಯಾದಲ್ಲಿ ಆದದ್ದು ಝಡ್‌ಡಿಎಂ ಅಂತ ಶುರುವಾಗುತ್ತದೆ. ಥಾಯ್ಲೆಂಡ್‌ನಲ್ಲಿ ಜೋಡಿಸಿದ ಗಾಡಿಯದ್ದು ಎಂಎಲ್ ಅಂತ. ಅಂಗಡಿಗೆ ಫೋನ್ ಮಾಡಿದಾಗ ಮಾಡೆಲ್ ಹೆಸರು ಹೇಳಬೇಡಿ, ಈ ನಂಬರ್ ಕೊಡಿ.

ಕಂಪನಿಯ ಪಾರ್ಟ್ಸ್ ಕ್ಯಾಟಲಾಗಿನಲ್ಲಿ ಒಂದೊಂದು ಭಾಗವನ್ನೂ ಬಿಡಿಸಿಟ್ಟ ಚಿತ್ರ ಇರುತ್ತದೆ, ಪಕ್ಕದಲ್ಲಿ ನಂಬರ್. ಸಾಮಾನ್ಯವಾಗಿ ಎಂಟು ಅಂಕಿ, ಕೊನೆಗೆ ಒಂದು ಅಕ್ಷರ. ಆ ಅಕ್ಷರ ಮುಖ್ಯ. ಎ ಇದ್ದದ್ದು ಬಿ ಆಗಿದ್ದರೆ ಪಾರ್ಟನ್ನು ಮುಂದೆ ಏನೋ ತಿದ್ದಿದ್ದಾರೆ ಅಂತ ಅರ್ಥ, ಹೊಸದನ್ನೇ ಕೇಳಿ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವುದೇ ಭಾಗ ಬಿಚ್ಚಿದರೂ ಅದರ ಮೇಲಿರುವ ಎಲ್ಲಾ ಗುರುತನ್ನು ಬರೆದು, ಫೋಟೋ ತೆಗೆದು, ಆಮೇಲೆಯೇ ವಾಪಸ್ ಹಾಕುತ್ತೇನೆ. ಮುಂದಿನ ಸಲ ಬಿಚ್ಚುವ ಮುಂಚೆಯೇ ಪಾರ್ಟ್ ತರಿಸಿಟ್ಟುಕೊಳ್ಳಬಹುದು. ಹಾಸನದಲ್ಲಿ ಕೂತು ಈ ಗಾಡಿ ಸಾಕಲು ನನಗೆ ಎಲ್ಲಕ್ಕಿಂತ ಜಾಸ್ತಿ ಸಹಾಯ ಆಗಿದ್ದು ಆ ನೋಟ್‌ಬುಕ್.

ಎಲ್ಲದಕ್ಕೂ ಡುಕಾಟಿ ಡಬ್ಬಿಯೇ ಬೇಕು ಅಂತಿಲ್ಲ. ಆಯಿಲ್ ಫಿಲ್ಟರಿಗೆ ಎಚ್‌ಎಫ್153 ಅಂತ ಕೇಳಿ, ಸಿಗುತ್ತದೆ. ಬ್ರೇಕು ಬ್ರೆಂಬೊ ಕಂಪನಿಯದ್ದು, ಪ್ಯಾಡಿನ ಹಿಂಬದಿಯ ತಗಡಿನ ಮೇಲೆ ಕೋಡ್ ಇರುತ್ತದೆ, ಅದರ ಜೊತೆಗೆ ಹಳೆ ಪ್ಯಾಡಿನ ಆಕಾರವನ್ನೂ ಹೊಸದರ ಚಿತ್ರದ ಜೊತೆ ಹೋಲಿಸಿ. ಫೋರ್ಕ್ (ಮುಂದಿನ ಶಾಕ್) ಸೀಲ್ ತರಿಸುವ ಮುಂಚೆ ಫೋರ್ಕ್ ಶೋವಾ ಕಂಪನಿಯದ್ದೋ ಮಾರ್ಜೋಕಿಯದ್ದೋ ಅಂತ ಕಣ್ಣಾರೆ ನೋಡಿ, ಅಂದಾಜಿನ ಮೇಲೆ ತರಿಸಬೇಡಿ. ಚೈನಿನ ಪಟ್ಟಿಯ ಮೇಲೆ 520 ಅಂತಲೋ 525 ಅಂತಲೋ ಕೊರೆದಿರುತ್ತದೆ. ಎರಡರ ಪಿಚ್ (ಪಿನ್ನಿನಿಂದ ಪಿನ್ನಿಗೆ ಇರುವ ದೂರ) ಒಂದೇ, ಅಗಲ ಬೇರೆ. ಹಿಂದಿನ ಓನರ್ ಸೈಜ್ ಬದಲಾಯಿಸಿರಲೂಬಹುದು, ಅದಕ್ಕೇ ಇರುವ ಚೈನನ್ನು ಓದಿ, ಹಲ್ಲು ಎಣಿಸಿ, ಆಮೇಲೆ ಸ್ಪ್ರಾಕೆಟ್ ತರಿಸಿ.

ಈಗ ಮೊದಲ ಕೆಲಸ. ಟೈಮಿಂಗ್ ಬೆಲ್ಟ್, ಅಂದರೆ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಬೆಲ್ಟ್. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಈ ಎಂಜಿನ್ನಿಗೆ ಒಳಗೆ ಚೈನ್ ಇಲ್ಲ, ಎರಡು ರಬ್ಬರ್ ಬೆಲ್ಟ್, ಸಿಲಿಂಡರಿಗೆ ಒಂದೊಂದು. ತುಂಡಾದರೆ ವಾಲ್ವು ಪಿಸ್ಟನ್ನಿಗೆ ಹೊಡೆಯುತ್ತದೆ, ಆಮೇಲೆ ಖರ್ಚು ಲಕ್ಷದ ಲೆಕ್ಕದಲ್ಲಿ. ಕಿಲೋಮೀಟರ್ ಓಡದೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ ಅಲ್ವಾ. ಪುಸ್ತಕ ಇಲ್ಲ ಅಂದಿರಿ, ಹಾಗಾದರೆ ಬೆಲ್ಟ್ ಬದಲಾಗಿಲ್ಲ ಅಂತಲೇ ತಿಳಿದುಕೊಂಡು ಎರಡನ್ನೂ ಒಟ್ಟಿಗೆ ಹಾಕಿಸಿ. ಹೊಸ ಬೆಲ್ಟನ್ನು ಮಡಚಬಾರದು, ಆಯಿಲ್ ತಾಗಿಸಬಾರದು, ಬೆಲ್ಟ್ ತೆಗೆದಾಗ ಎಂಜಿನ್ ತಿರುಗಿಸಲೇಬಾರದು. ಬಿಗಿ ಎಷ್ಟಿರಬೇಕು ಅನ್ನುವುದನ್ನು ಬೆಲ್ಟನ್ನು ತಂತಿಯ ಹಾಗೆ ಮೀಟಿ, ಬರುವ ಶಬ್ದದ ಫ್ರೀಕ್ವೆನ್ಸಿಯಿಂದ ಅಳೆಯುತ್ತಾರೆ. ಗೊತ್ತಿರುವವರ ಕೈಯಲ್ಲೇ ಮಾಡಿಸಿ. ಈ ಕೆಲಸಕ್ಕೆ ನಾನು ಈಗಲೂ ಬೆಂಗಳೂರಿಗೇ ಹೋಗುತ್ತೇನೆ.

ಅದೇ ದಿನ ವಾಲ್ವ್ ಕ್ಲಿಯರೆನ್ಸ್ (ವಾಲ್ವಿನ ಹತ್ತಿರದ ಸಣ್ಣ ಸಂದು) ಸಹ ನೋಡಿಸಿ, 12 ಸಾವಿರ ಕಿ.ಮೀ.ಗೊಮ್ಮೆ ನೋಡಬೇಕು. ಡೆಸ್ಮೊ ಎಂಜಿನ್, ವಾಲ್ವ್ ಮುಚ್ಚಲು ಸ್ಪ್ರಿಂಗ್ ಬದಲು ಇನ್ನೊಂದು ರಾಕರ್ (ವಾಲ್ವನ್ನು ಆಡಿಸುವ ಸಣ್ಣ ತೋಳು) ಇದೆ. ಸಂದು ಸರಿಮಾಡಲು ಹಾಕುವ ಅಳತೆಯ ಸಣ್ಣ ತುಂಡೇ ಶಿಮ್. ನಾಲ್ಕು ವಾಲ್ವಿಗೆ ತೆರೆಯುವ ಶಿಮ್ ನಾಲ್ಕು, ಮುಚ್ಚುವ ಶಿಮ್ ನಾಲ್ಕು, ಎಂಟನ್ನೂ ಅಳೆಯಬೇಕು. ಈಗ ಹಾಕಿರುವ ಶಿಮ್ ಎಷ್ಟು ದಪ್ಪ ಅಂತ ಮೆಕ್ಯಾನಿಕ್ ಹತ್ತಿರ ಬರೆಸಿಕೊಂಡೇ ಬನ್ನಿ. ನಾನು ಮೊದಲ ಸಲ ಕೇಳಲಿಲ್ಲ. ಎರಡನೇ ಸಲ ಪೂರ್ತಿ ಬಿಚ್ಚಿ, ಅಳೆದು, ಶಿಮ್ ತರಿಸಿ, ಮತ್ತೆ ಜೋಡಿಸುವ ತನಕ ಗಾಡಿ 11 ದಿನ ಅಲ್ಲೇ ನಿಂತಿತ್ತು.

ಇನ್ನೊಂದು, ಕ್ಲಚ್. ಹಳೆ ಡುಕಾಟಿಗಳ ಗಲಗಲ ಶಬ್ದದ ಡ್ರೈ ಕ್ಲಚ್ ಕೇಳಿದವರು ಇದಕ್ಕೂ ಅದೇ ಇದೆ ಅಂದುಕೊಳ್ಳುತ್ತಾರೆ. 795ರದ್ದು ಆಯಿಲಿನಲ್ಲಿ ಮುಳುಗಿರುವ ವೆಟ್ ಕ್ಲಚ್. ಹಾಗಾಗಿ ಕಾರಿನ ಆಯಿಲ್ ಬೇಡ, ಬೈಕಿನ 15ಡಬ್ಲ್ಯೂ-50 ಹಾಕಿ. ಕ್ಲಚ್ ಲಿವರ್ ಮೆತ್ತಗಾದರೆ ಎಡಗಡೆ ಮುಂದಿನ ಸ್ಪ್ರಾಕೆಟ್ ಹತ್ತಿರ ಸ್ಲೇವ್ ಸಿಲಿಂಡರ್ (ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಸುತ್ತ ಒದ್ದೆ ಇದೆಯಾ ನೋಡಿ. ಅಲ್ಲಿ ಸೀಲ್ ಹೋಗುವುದು ಹಳೆ ಡುಕಾಟಿಗಳಲ್ಲಿ ಮಾಮೂಲು.

ಬೇಲೂರಿನಿಂದ:

ನಾನು ಗ್ಯಾರೇಜಿನವನು, ಬುಲೆಟ್ಟು ಪಲ್ಸರ್ ಜಾಸ್ತಿ ಮಾಡುತ್ತೇನೆ. ಇಂಥ ಗಾಡಿ ಎರಡೋ ಮೂರೋ ಬಂದಿವೆ. ಬೇರಿಂಗಿನ ವಿಷಯ ಮಾತ್ರ ಹೇಳುತ್ತೇನೆ. ಇಟಲಿ ಗಾಡಿಯಾದರೂ ಚಕ್ರದ ಬೇರಿಂಗ್ ಲೋಕಕ್ಕೆಲ್ಲ ಒಂದೇ ಅಳತೆಯದ್ದು, ಅಂಚಿನಲ್ಲಿ ನಂಬರ್ ಇರುತ್ತದೆ. 6204 ಅಂತಿದ್ದರೆ ಕೊನೆಯ 04ನ್ನು 5ರಿಂದ ಗುಣಿಸಿ, ಒಳಗಿನ ತೂತು 20 ಮಿ.ಮೀ. ಹೊರಗಿನದು 47, ದಪ್ಪ 14. ಪಕ್ಕದಲ್ಲಿ 2ಆರ್‌ಎಸ್ ಅಂತಿದ್ದರೆ ಎರಡೂ ಕಡೆ ರಬ್ಬರ್ ಸೀಲ್, ಸಿ3 ಅಂತಿದ್ದರೆ ಒಳಗೆ ಸ್ವಲ್ಪ ಜಾಸ್ತಿ ಸಡಿಲ. ಆ ಅಕ್ಷರಗಳನ್ನೂ ಸೇರಿಸಿ ಹೇಳಿ. ಆಯಿಲ್ ಸೀಲಿನ ಮೇಲೂ ಒಳ ಅಳತೆ, ಹೊರ ಅಳತೆ, ದಪ್ಪ ಮೂರೂ ಇರುತ್ತವೆ. ಹಾಸನದ ಬೇರಿಂಗ್ ಅಂಗಡಿಗೆ ಹಳೆಯದನ್ನು ಒರೆಸಿ ಕೈಯಲ್ಲಿ ಹಿಡಿದುಕೊಂಡು ಹೋಗಿ. ಗಾಡಿ ಹೆಸರು ಹೇಳಿದರೆ "ನಮ್ಮಲ್ಲಿಲ್ಲ" ಅನ್ನುತ್ತಾರೆ, ನಂಬರ್ ಹೇಳಿದರೆ ತೆಗೆದು ಕೊಡುತ್ತಾರೆ. ಬ್ರ್ಯಾಂಡ್ ಮಾತ್ರ ಒಳ್ಳೆಯದು ತಗೊಳ್ಳಿ, ಚಕ್ರದ ವಿಷಯ.

ಸಕಲೇಶಪುರದಿಂದ:

ನನ್ನದು 696, ತೋಟದ ಮನೆಯಲ್ಲಿ ಇರುತ್ತದೆ. ಮಳೆಗಾಲದ ಬಗ್ಗೆ ಕೇಳಿದ್ದೀರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ, ಬಟ್ಟೆ ಕೂಡ ಒಣಗುವುದಿಲ್ಲ.

ಮೊದಲ ವರ್ಷ ಮೂರು ತಿಂಗಳು ಸುಮ್ನೆ ಮುಚ್ಚಿಟ್ಟೆ. ತೆಗೆದಾಗ ಬ್ಯಾಟರಿ ಸತ್ತಿತ್ತು, ಏರ್‌ಬಾಕ್ಸಿನಲ್ಲಿ (ಎಂಜಿನ್ನಿಗೆ ಗಾಳಿ ಹೋಗುವ ಡಬ್ಬಿ) ಇಲಿ ಗೂಡು ಕಟ್ಟಿತ್ತು, ಎರಡು ವೈರ್ ಕಡಿದಿತ್ತು. ಈಗ ಬ್ಯಾಟರಿಗೆ ಸಣ್ಣ ಚಾರ್ಜರ್ ಹಾಕಿಯೇ ಇಡುತ್ತೇನೆ. ಕರೆಂಟ್ ನೆಚ್ಚಿಕೊಳ್ಳಲಾಗದ ಜಾಗವಾದರೆ ಬಿಚ್ಚಿ ಒಳಗಿಡಿ. ಬ್ಯಾಟರಿ ವೀಕ್ ಇದ್ದಾಗ ಮತ್ತೆ ಮತ್ತೆ ಸ್ಟಾರ್ಟ್ ಒತ್ತಬೇಡಿ, ಸ್ಟಾರ್ಟರಿನ ಸ್ಪ್ರಾಗ್ ಕ್ಲಚ್ಚಿಗೆ (ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್) ಪೆಟ್ಟು.

ಪೆಟ್ರೋಲ್ ಮುಚ್ಚಳದ ಸುತ್ತ ನೀರು ಇಳಿಯಲು ಒಂದು ಸಣ್ಣ ತೂತು ಇರುತ್ತದೆ. ಕೆಸರು ಕಟ್ಟಿದರೆ ನೀರು ಅಲ್ಲೇ ನಿಂತು ಟ್ಯಾಂಕಿಗೆ ಇಳಿಯುತ್ತದೆ. ಜೂನ್ ಮುಂಚೆ ತೆಳ್ಳನೆ ಪ್ಲಾಸ್ಟಿಕ್ ಎಳೆ ಹಾಕಿ ಬಿಡಿಸಿಕೊಳ್ಳಿ. ಮುಂದಿನ ಸಿಲಿಂಡರ್ ಮುಂದಕ್ಕೆ ಮಲಗಿದೆಯಲ್ಲ, ಮುಂಚಕ್ರದ ಕೆಸರು ನೇರ ಅದರ ಮೇಲೆಯೇ. ಗಾಳಿಯಿಂದ ತಣ್ಣಗಾಗುವ ಎಂಜಿನ್ ಇದು, ರೆಕ್ಕೆಗಳ ನಡುವೆ ಮಣ್ಣು ಒಣಗಲು ಬಿಡಬೇಡಿ. ಚಾರ್ಮಾಡಿ ಇಳಿದು ಬಂದ ದಿನ ನಾನು ಎಷ್ಟೇ ಸುಸ್ತಾಗಿದ್ದರೂ ಎಂಜಿನ್ ಆರಿದ ಮೇಲೆ ತೊಳೆದೇ ಮಲಗುವುದು. ಪ್ರೆಷರ್ ವಾಷರ್ ಬೇಡ, ಬಕೆಟ್ಟು ಬ್ರಷ್ಷು ಸಾಕು.

ಚಾರ್ಜಿಂಗ್ ಒಮ್ಮೆ ನೋಡಿ. ಎಂಜಿನ್ ಓಡುವಾಗ ಬ್ಯಾಟರಿ ಹತ್ತಿರ ಸುಮಾರು 13.5ರಿಂದ 14.5 ವೋಲ್ಟ್ ಬರಬೇಕು. ಕಡಿಮೆ ಬಂದರೆ ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜ್ ಹಿಡಿತದಲ್ಲಿಡುವ ಭಾಗ) ಹೋಗಿದೆ ಅಂತ ತಕ್ಷಣ ದುಡ್ಡು ಹಾಕಬೇಡಿ, ಮೂರು ಹಳದಿ ವೈರ್ ಸೇರುವ ಕನೆಕ್ಟರ್ ಬಿಚ್ಚಿ ನೋಡಿ. ನನ್ನದು ಅಲ್ಲೇ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು. ಹೊಸ ಕನೆಕ್ಟರ್ ಹಾಕಿಸಿದೆ, ಐದು ವರ್ಷದಿಂದ ತಂಟೆ ಇಲ್ಲ. ರೆಗ್ಯುಲೇಟರ್ ಹಳೆಯದೇ.

ಚಿಕ್ಕಮಗಳೂರಿನಿಂದ, ಕೇಳಿದವರು, ಮೂರು ವಾರದ ನಂತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಾಸಿ ನಂಬರ್ ಕೊಟ್ಟು ಬೇರೆ ಕಡೆಯಿಂದ ತರಿಸಿದ ಸ್ಪ್ರಾಕೆಟ್ ಸರಿಯಾಗಿ ಕೂತಿತು. ಹಿಂದಿನ ಚಕ್ರ ಬಿಚ್ಚಿದಾಗ ಒಂದು ಬೇರಿಂಗ್ ಗರಗರ ಅನ್ನುತ್ತಿತ್ತು, ಒರೆಸಿ ನಂಬರ್ ಓದಿದೆ, ಹಾಸನದಲ್ಲಿ ಹತ್ತು ನಿಮಿಷದಲ್ಲಿ ಸಿಕ್ಕಿತು. ಬೆಲ್ಟ್ ಕವರ್ ತೆಗೆಸಿ ನೋಡಿದೆವು. ಹಲ್ಲಿನ ಬುಡದಲ್ಲಿ ಸಣ್ಣ ಬಿರುಕು ಕಾಣುತ್ತಿತ್ತು, ಬೆರಳಿಟ್ಟು ಬಗ್ಗಿಸಿದರೆ ಇನ್ನೂ ತೆರೆದುಕೊಳ್ಳುತ್ತಿತ್ತು. ಅಲ್ಲಿಂದ ಗಾಡಿ ಸ್ಟಾರ್ಟ್ ಮಾಡಿಲ್ಲ. ಸೋಮವಾರ ಪಿಕಪ್‌ನಲ್ಲಿ ಹಾಕಿಕೊಂಡು ಬೆಂಗಳೂರಿಗೆ ಹೊರಟಿದ್ದೇನೆ. ಶಿಮ್ ಅಳತೆ ಬರೆಸಿಕೊಳ್ಳಲು ಹೊಸ ನೋಟ್‌ಬುಕ್ ತಂದಿಟ್ಟಿದ್ದೇನೆ.