ಓದುಗರ ಸ್ಪಂದನ: ಒಲೆ ಮೇಲೆ ಹಾಲು, ಟೀವಿಯಲ್ಲಿ ವಿಚಾರಣೆ

ಹೋದ ಸಂಚಿಕೆಯಲ್ಲಿ ಜಯನಗರದ 63 ವರ್ಷದ ಓದುಗರೊಬ್ಬರು ತಮ್ಮ ಕಷ್ಟ ಹೇಳಿಕೊಂಡಿದ್ದರು. ಬೆಳಗ್ಗೆ ರಂಗೋಲಿ, ಪಾರ್ಕಿನಲ್ಲಿ ನಾಲ್ಕು ಸುತ್ತು, ಕಾಫಿ, ಪೇಪರ್. ಮಧ್ಯಾಹ್ನ ಸೊಪ್ಪು ಬಿಡಿಸುತ್ತಾ ಕೂರುವುದು, ಸಂಜೆ ದೀಪ. ಮನೆಯಲ್ಲಿ ಒಬ್ಬರೇ, ಆದರೂ ನಿವೃತ್ತಿಯ ನಂತರ ಹಾಯಾಗಿದ್ದರು. ಈಗ ಕೋರ್ಟು, ವಿಧಾನಸಭೆಯ ನೇರಪ್ರಸಾರ ಹಾಕಿದರೆ ಏಳಲು ಆಗುತ್ತಿಲ್ಲ. ಹಾಲು ಉಕ್ಕುತ್ತದೆ, ಎದೆ ಡವಗುಟ್ಟುತ್ತದೆ, ರಾತ್ರಿ ನಿದ್ದೆ ಇಲ್ಲ. ನೋಡದೇ ಇದ್ದರೆ ಏನೋ ತಪ್ಪು ಮಾಡಿದ ಹಾಗೆ. ಏನು ಮಾಡಲಿ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. (ಟೀವಿ ಮಾರಿಬಿಡಿ ಎಂದಷ್ಟೇ ಬರೆದ ಮೂವರಿಗೂ ಧನ್ಯವಾದ.)

*

ಅಕ್ಕಾ, ನಿಮ್ಮ ಪತ್ರ ಓದಿ ನಗು ಬಂತು, ಯಾಕೆಂದರೆ ಅದು ನನ್ನದೇ ಕಥೆ. 2019ರ ಜುಲೈ ನೆನಪಿದೆಯಾ? 18ನೇ ತಾರೀಖು ಗುರುವಾರ ವಿಧಾನಸಭೆಯಲ್ಲಿ ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತದ ಚರ್ಚೆ ಶುರುವಾಯಿತು. ಇವತ್ತು ಮತ, ನಾಳೆ ಮತ ಅಂತ ಎಳೆದೂ ಎಳೆದೂ, ಸೋಮವಾರ ರಾತ್ರಿ ಹನ್ನೆರಡು ಹತ್ತಿರವಾದರೂ ಸದನ ನಡೆದೇ ಇತ್ತು. ನಾನೂ ಕೂತೇ ಇದ್ದೆ. ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಲೆಕ್ಕ ತಪ್ಪಿ, ಎರಡು ದಿನ ಅನ್ನ ಗಂಜಿಯಾಯಿತು. ಕೊನೆಗೆ ಮಂಗಳವಾರ ಸಂಜೆ ಮತ ಎಣಿಸಿದರು. ಸರ್ಕಾರದ ಪರ 99, ವಿರುದ್ಧ 105. ಅಷ್ಟೇ. ನಾನು ಮಲಗಿದ್ದರೂ ಅಷ್ಟೇ ಇರುತ್ತಿತ್ತು, ಅಲ್ವಾ?

ಹಾಗಂತ ನೋಡಿದ್ದಕ್ಕೆ ಬೇಸರವಿಲ್ಲ. ಮಾರನೇ ದಿನ ಯಾವುದೋ ಭಾಷಣದ ಎರಡೇ ಸಾಲು ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿದ್ದಾಗ, ಅದರ ಹಿಂದೆ ಮುಂದೆ ಏನಿತ್ತು ಅಂತ ನನಗೆ ಗೊತ್ತಿತ್ತು. ನನಗೆ ಸಿಕ್ಕ ಉಪಾಯ ಒಂದೇ, ಕೈಗೆ ಕೆಲಸ ಕೊಡುವುದು. ಹೂಬತ್ತಿ ಹೊಸೆಯಲು ಕೂತೆ. ಕಣ್ಣು ಹತ್ತಿಯ ಮೇಲೆ, ಕಿವಿ ಮಾತ್ರ ಸದನದಲ್ಲಿ. ಮುಖ ಕೆಂಪು ಮಾಡಿಕೊಂಡು ಕೂಗುವವರನ್ನು ನೋಡದಿದ್ದರೆ ಅರ್ಧ ಗಾಬರಿ ಕಡಿಮೆ. ಆಗ ಹೊಸೆದ ಬತ್ತಿ ಶಿವರಾತ್ರಿಯವರೆಗೂ ಬಂತು.
— ನಿವೃತ್ತ ಶಿಕ್ಷಕಿ, ಮಲ್ಲೇಶ್ವರ

*

ಮೇಡಂ, ನಾನು ವಕೀಲ. ಕೋರ್ಟು ನೋಡಿ ನಿದ್ದೆಗೆಡುವವರಿಗೆ ಒಂದು ಗುಟ್ಟು ಹೇಳುತ್ತೇನೆ. ನ್ಯಾಯಮೂರ್ತಿಗಳು ಒಂದು ಕಡೆಯವರಿಗೆ ಗಡುಸಾಗಿ ಪ್ರಶ್ನೆ ಕೇಳಿದರೆ ತೀರ್ಪು ಅವರ ವಿರುದ್ಧ ವಾಲಿತು ಅಂತ ಅರ್ಥ ಅಲ್ಲ. ಅದೇ ಪ್ರಶ್ನೆ ನಾಳೆ ಎದುರು ಪಕ್ಷಕ್ಕೂ ಬೀಳುತ್ತದೆ. ಸುಮ್ನೆ ವಾದದ ಬಲ ಪರೀಕ್ಷೆ ಮಾಡುತ್ತಿರುತ್ತಾರೆ. ನಾನೇ ಹೊಸದರಲ್ಲಿ ನ್ಯಾಯಮೂರ್ತಿಗಳಿಂದ ಇಂಥ ಪ್ರಶ್ನೆ ಕೇಳಿಸಿಕೊಂಡು, ಕೇಸು ಸೋತೆ ಅಂತ ಕಕ್ಷಿದಾರರಿಗೆ ಹೇಳಿ, ಆಮೇಲೆ ಗೆದ್ದು ಪೆಚ್ಚಾಗಿದ್ದೇನೆ.

ಸುಪ್ರೀಂ ಕೋರ್ಟ್ ಸಂವಿಧಾನ ಪೀಠದ ವಿಚಾರಣೆಗಳನ್ನು ನೇರಪ್ರಸಾರ ಮಾಡಲು ಶುರು ಮಾಡಿದ್ದು 2022ರ ಸೆಪ್ಟೆಂಬರ್ 27ರಿಂದ. ಜಮ್ಮು-ಕಾಶ್ಮೀರದ 370ನೇ ವಿಧಿಯ ಕೇಸನ್ನೇ ತೆಗೆದುಕೊಳ್ಳಿ. 2023ರ ಆಗಸ್ಟ್ 2ಕ್ಕೆ ಶುರುವಾಗಿ 16 ದಿನ ವಾದ ನಡೆಯಿತು. ಸೆಪ್ಟೆಂಬರ್ 5ಕ್ಕೆ ತೀರ್ಪು ಕಾಯ್ದಿರಿಸಿದರು. ತೀರ್ಪು ಬಂದಿದ್ದು ಡಿಸೆಂಬರ್ 11ಕ್ಕೆ. ಆ ಮೂರು ತಿಂಗಳೂ ಎದೆ ಹಿಡಿದುಕೊಂಡು ಕೂರಲು ಆಗುತ್ತದಾ?

ಇನ್ನೊಂದು. ಸುಪ್ರೀಂ ಕೋರ್ಟಿನಲ್ಲಿ ಹತ್ತೂವರೆಗೆ ಶುರು, ಒಂದು ಗಂಟೆಗೆ ಊಟ, ಎರಡರಿಂದ ನಾಲ್ಕು, ಮುಗೀತು. ನ್ಯಾಯಮೂರ್ತಿಗಳೇ ಊಟಕ್ಕೆ ಏಳುತ್ತಾರೆ, ನೀವೂ ಏಳಿ. ನಿಮ್ಮ ನಿದ್ದೆ ಕೆಡಿಸುತ್ತಿರುವುದು ಕೋರ್ಟು ಅಲ್ಲ ಅಂತ ನನ್ನ ಗುಮಾನಿ. ರಾತ್ರಿ ಒಂಬತ್ತಕ್ಕೆ ಅದೇ ವಿಷಯ ಹಿಡಿದು ಎಂಟು ಜನ ಕಿರುಚುತ್ತಾರಲ್ಲ, ಅದು. ನಿಜವಾದ ವಿಚಾರಣೆ ನೋಡಿದರೆ ಆಕಳಿಕೆ ಬರಬೇಕು. ಒಬ್ಬರು ಪುಟದ ಸಂಖ್ಯೆ ಹೇಳುತ್ತಾರೆ, ಎಲ್ಲರೂ ಪುಟ ಹುಡುಕುತ್ತಾರೆ.
— ವಕೀಲರು, ವಿಜಯನಗರ

*

ನಮ್ಮ ಮನೆಯಲ್ಲಿ ನೋಡುವವರು ಅವರು, ಉಪವಾಸ ನಾನು. ಅಧಿವೇಶನ ಇದ್ದಾಗ ಮೂರು ಹೊತ್ತೂ ಉಪ್ಪಿಟ್ಟು. ದಯವಿಟ್ಟು ಇದಕ್ಕೂ ಯಾರಾದರೂ ಪರಿಹಾರ ಬರೆಯಿರಿ.
— ಒಬ್ಬ ಗಂಡ, ಬಸವನಗುಡಿ

*

ಮಗಳು ಅಮೆರಿಕದಲ್ಲಿರುವುದರಿಂದ ನನಗೆ ಅಲ್ಲಿನ ಚಟವೂ ಅಂಟಿತು. 2022ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿ, 2021ರ ಜನವರಿ 6ರಂದು ಟ್ರಂಪ್ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿ ಮಾಡಿದ ದಾಂಧಲೆಯ ಬಗ್ಗೆ ವಿಚಾರಣೆ ನಡೆಸಿತು. ಮೊದಲನೆಯದು ಜೂನ್ 9ರ ರಾತ್ರಿ ಎಂಟಕ್ಕೆ. ನಮಗೆ 10ರ ಬೆಳಗ್ಗೆ ಐದೂವರೆ. ಲಾಲ್‌ಬಾಗಿಗೆ ಹೋಗುವ ಹೊತ್ತು. ಹೋಗಲಿಲ್ಲ. ಆಮೇಲಿನವು ಬಹಳಷ್ಟು ಅಲ್ಲಿ ಮಧ್ಯಾಹ್ನ ಒಂದಕ್ಕೆ, ಅಂದರೆ ನಮಗೆ ರಾತ್ರಿ ಹತ್ತೂವರೆ. ಮಗಳು ಅಲ್ಲಿಂದ ಮೆಸೇಜು, ನಾನು ಇಲ್ಲಿಂದ ಮೆಸೇಜು, ಒಂದೂವರೆಗೆ ಮಲಗಿ ಬೆಳಗ್ಗೆ ತಲೆನೋವು. ಎರಡು ವಾರದಲ್ಲಿ ಬುದ್ಧಿ ಬಂತು. ರಾತ್ರಿಯದನ್ನು ಮಾರನೇ ದಿನ ವಾಕಿಂಗ್ ಮುಗಿಸಿ, ತಿಂಡಿ ತಿಂದು ನೋಡತೊಡಗಿದೆ. 1973ರಲ್ಲಿ ಅಧ್ಯಕ್ಷ ನಿಕ್ಸನ್ ಕಾಲದ ವಾಟರ್‌ಗೇಟ್ ಹಗರಣದ ವಿಚಾರಣೆಯನ್ನೂ ಅಲ್ಲಿನ ಸಾರ್ವಜನಿಕ ಟೀವಿ ರಾತ್ರಿ ಪೂರ್ತಿ ಮರುಪ್ರಸಾರ ಮಾಡುತ್ತಿತ್ತಂತೆ, ಕೆಲಸ ಮುಗಿಸಿ ಬಂದವರಿಗೆ ಅಂತ. ತಣ್ಣಗಾದ ಮೇಲೆ ನೋಡಿದರೂ ವಿಷಯ ಹಳಸುವುದಿಲ್ಲ. ಬೇಡದ್ದನ್ನು ಓಡಿಸಿಬಿಡಬಹುದು, ಅದು ಲಾಭ.

ಮಗಳಿಗೆ ಮಾತ್ರ ಇನ್ನೂ ಕೋಪ ಇದೆ. ಜೊತೆಗೆ ನೋಡಲಿಲ್ಲ ಅಂತ.
— ಗೃಹಿಣಿ, ಜೆ.ಪಿ. ನಗರ

*

ಎಲ್ಲರೂ ಟೀವಿ ಕಡಿಮೆ ಮಾಡಿ ಅನ್ನುತ್ತಾರೇನೋ. ನಾನು ಹಾಗೆ ಹೇಳುವುದಿಲ್ಲ. ನೀವು ಬರೆದಿದ್ದರಲ್ಲಿ ನನಗೆ ಚುಚ್ಚಿದ್ದು ಒಂದೇ ಮಾತು, 'ಮನೆಯಲ್ಲಿ ಒಬ್ಬಳೇ'. ನಮ್ಮ ಯಜಮಾನರು ಇದ್ದಾಗ ಇಬ್ಬರೂ ಟೀವಿ ಮುಂದೆ ಕೂತು ಜಗಳವಾಡುತ್ತಿದ್ದೆವು. ಅವರಿಗೆ ಒಂದು ಪಕ್ಷ, ನನಗೆ ಇನ್ನೊಂದು. ಜಗಳ ಮುಗಿದರೆ ನಿದ್ದೆ. ಈಗ ಬೈಯಲು ಪಕ್ಕದಲ್ಲಿ ಯಾರೂ ಇಲ್ಲ, ಅದಕ್ಕೇ ಎಲ್ಲಾ ಹೊಟ್ಟೆಯಲ್ಲೇ ಉಳಿಯುತ್ತದೆ. ನಾನಿರುವುದೂ ಜಯನಗರ, ನಾಲ್ಕನೇ ಬ್ಲಾಕ್. ನನ್ನ ಫೋನ್ ನಂಬರ್ ಸಂಪಾದಕರಿಗೆ ಕೊಟ್ಟಿದ್ದೇನೆ. ಮುಂದಿನ ಅಧಿವೇಶನಕ್ಕೆ ನಿಮ್ಮ ಮನೆಗೇ ಬರುತ್ತೇನೆ. ನಿಮ್ಮದು ಯಾವ ಪಕ್ಷವಾದರೂ ಪರವಾಗಿಲ್ಲ, ನನ್ನದಲ್ಲದಿದ್ದರೆ ಇನ್ನೂ ಒಳ್ಳೆಯದು. ಸೊಪ್ಪು ಇಬ್ಬರೂ ಬಿಡಿಸೋಣ. ಕೋಡುಬಳೆ ನಾನು ತರುತ್ತೇನೆ.
— ನಿಮ್ಮ ನೆರೆಯವರು