ಪದಚರ್ಚೆ: ಅಗಸೆ ಎಣ್ಣೆಯ ಲೇಬಲ್ಲಿಗೆ ಕನ್ನಡ ಬೇಕು (ಸಂಜೆಯೊಳಗೆ)

ಪ್ರಶ್ನೆ, ಮೈಸೂರು:
ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಮಹಿಳಾ ಸಂಘದವರು ಅಗಸೆ ಬೀಜದ ಪುಡಿ ಮತ್ತು ಎಣ್ಣೆ ಮಾರಲು ಹೊರಟಿದ್ದಾರೆ. ಲೇಬಲ್ಲಿನ ಒಕ್ಕಣೆ ನನ್ನ ತಲೆಗೆ ಬಿದ್ದಿದೆ. ಯಾರೋ ಮೊದಲೇ ಬರೆದುಕೊಟ್ಟಿದ್ದು ಹೀಗಿದೆ: ‘ಶೀತಪೀಡಿತ ಅಗಸೆ ತೈಲ. ಖಾದ್ಯ ತೈಲ. ಶೈತ್ಯಕದಲ್ಲಿ ಸಂರಕ್ಷಿಸಿ.’ ಓದಿದವರೆಲ್ಲ ಎಣ್ಣೆಗೆ ನೆಗಡಿಯಾ ಅಂತ ನಗುತ್ತಿದ್ದಾರೆ. ‘ಕೋಲ್ಡ್ ಪ್ರೆಸ್ಡ್’ ಮತ್ತು ‘ರಾನ್ಸಿಡ್’, ಈ ಎರಡಕ್ಕೆ ಜನ ಆಡುವ ಮಾತು ಬೇಕು. ಸಂಜೆ ಪ್ರೆಸ್ಸಿಗೆ ಹೋಗಬೇಕು.

ಮಂಡ್ಯದಿಂದ:
ರಾನ್ಸಿಡ್ ಅಂದರೆ ಕಮಟು. ಎಣ್ಣೆ ಕಮಟು ಹಿಡಿಯುತ್ತದೆ. ಮುಗ್ಗಲು ಬೇರೆ, ಅದು ತೇವ ತಗುಲಿದ ಹಿಟ್ಟು, ಬೇಳೆಗೆ. ಆಹಾರ ಸಂಶೋಧನೆಯ ಸಿ.ಎಫ್.ಟಿ.ಆರ್.ಐ. ಸಂಸ್ಥೆ ಇರುವ ಊರಿನವರು ಇದನ್ನ ಕೇಳೋದಾ? ಇನ್ನೊಂದಕ್ಕೆ ಯಾರಾದರೂ ‘ಗಾಣದ ಎಣ್ಣೆ’ ಅನ್ನುವ ಮುಂಚೆ ಹೇಳಿಬಿಡುತ್ತೇನೆ, ಬೇಡ. ನಮ್ಮ ಕಡೆ ಗಾಣ ಅಂದರೆ ಆಲೆಮನೆ, ಕಬ್ಬು.

ಮೈಸೂರಿನಿಂದ ಇನ್ನೊಬ್ಬರು:
ಪಕ್ಕದಲ್ಲೇ ‘ಎಣ್ಣೆ’ ಅಂತ ಇದ್ದರೂ ಕಬ್ಬು ನೆನಪಾದರೆ ಅದು ಮಂಡ್ಯದ ಸಮಸ್ಯೆ. ಆದರೆ ಎಣ್ಣೆ ತೆಗೆಯೋದು ಕರೆಂಟ್ ಮಿಷಿನ್ನಿನಲ್ಲಾದರೆ ಗಾಣ ಅನ್ನಬೇಡಿ. ‘ಬಿಸಿ ಮಾಡದೆ ತೆಗೆದ ಎಣ್ಣೆ’ ಅನ್ನಿ, ಸಾಕು.

ನಿಜವಾದ ಅಪಾಯ ‘ಖಾದ್ಯ’ದಲ್ಲಿದೆ. ಅದನ್ನು ‘ಅಡುಗೆ ಎಣ್ಣೆ’ ಅಂತ ತಿದ್ದಿದರೆ ಜನ ಬೋಂಡ ಕರಿಯುತ್ತಾರೆ. ಅಗಸೆ ಎಣ್ಣೆಯಲ್ಲಿ ಅರ್ಧದಷ್ಟು ಒಮೆಗಾ-3 ಜಾತಿಯ ಕೊಬ್ಬು. ಬಿಸಿ, ಬೆಳಕು, ಗಾಳಿ ಮೂರೂ ಅದಕ್ಕೆ ಆಗಲ್ಲ. ಹಾಗಾಗಿ ಕಪ್ಪು ಬಾಟಲಿ, ಬಿಗಿ ಮುಚ್ಚಳ, ಫ್ರಿಜ್. ‘ಒಲೆಗೆ ಇಡಬೇಡಿ, ಪಲ್ಯ, ಕೋಸಂಬರಿ, ಚಟ್ನಿಗೆ ಮೇಲೆ ಹಾಕಿಕೊಳ್ಳಿ’ ಅಂತ ಬರೆಯಿರಿ. ‘ತಿನ್ನುವ ಎಣ್ಣೆ’ ಅಂತಲೂ ಇರಲಿ. ಪೇಂಟ್ ಅಂಗಡಿಯ ಲಿನ್ಸೀಡ್ ಆಯಿಲ್ ಕೂಡ ಇದೇ ಬೀಜದ್ದು. ಅದು ಬೇಗ ಒಣಗಲಿ ಅಂತ ಹಲವು ಸಲ ಲೋಹದ ಲವಣ ಬೆರೆಸಿರುತ್ತಾರೆ. ಬಾಯಿಗೆ ಹಾಕುವಂಥದ್ದಲ್ಲ.

ಧಾರವಾಡದವರು, ಈಗ ಮೈಸೂರು:
ಪುಡಿಗೆ ‘ಅಗಸಿ ಹಿಂಡಿ’ ಅಂತ ಹಾಕಿ. ನಮ್ಮ ರೊಟ್ಟಿ ಊಟದಲ್ಲಿ ಅದು ಇದ್ದೇ ಇರುತ್ತದೆ.

ಮಂಡ್ಯದಿಂದ:
ಹಿಂಡಿ ಇಲ್ಲಿ ಹಸು ತಿನ್ನುತ್ತದೆ ಸ್ವಾಮಿ. ಮುಂದೆ?

ಮೂರನೆಯವರು, ಮೈಸೂರು:
‘ಅಗಸೆ’ಯನ್ನೇ ಯಾರೂ ಪ್ರಶ್ನಿಸಲಿಲ್ಲವಲ್ಲ! ಸಂಸ್ಕೃತದ ಅತಸೀ, ಹಿಂದಿಯ ಅಲ್ಸಿ, ಇವಕ್ಕೂ ನಮ್ಮ ಅಗಸೆಗೂ ಗಂಟು ಹಾಕುವವರಿದ್ದಾರೆ. ನಾನು ಒಪ್ಪಲ್ಲ. ಸೊಪ್ಪು ತಿನ್ನುವ ಅಗಸೆ ಮರವೂ ಇದೆ, ಊರ ಬಾಗಿಲಿಗೂ ಅಗಸೆ ಅಂತಾರೆ. ಇಷ್ಟು ಬೇರು ಬಿಟ್ಟ ಮಾತು ಹೊರಗಿನಿಂದ ಬಂದಿರಲು ಸಾಧ್ಯವೇ? ‘ಫ್ರಿಜ್’ ಅನ್ನೂ ಬಿಡಿ. ತಂಗಳುಪೆಟ್ಟಿಗೆ ಅನ್ನಿ.

ಮೈಸೂರಿನ ಇನ್ನೊಬ್ಬರು:
ಮೂರು ಬೇರೆ ಪದ ಒಂದೇ ಥರ ಕೇಳಿಸಿದರೆ ಅದು ಬೇರು ಬಿಟ್ಟ ಹಾಗಲ್ಲ. ಮತ್ತೆ ತಾಜಾ ಎಣ್ಣೆಯ ಬಾಟಲಿ ಮೇಲೆ ‘ತಂಗಳು’ ಅಂತ ಅಚ್ಚು ಹಾಕಿಸಿದರೆ ಸಂಘ ಮುಚ್ಚಬೇಕಾಗುತ್ತದೆ. ಫ್ರಿಜ್ ಫ್ರಿಜ್ಜೇ.

ಪ್ರಶ್ನೆ ಕೇಳಿದವರು:
ಜಗಳ ಆಮೇಲೆ ಆಡೋಣ, ಪುಡಿಗೆ ಏನು ಬರೆಯಲಿ? ಇಡೀ ಬೀಜವನ್ನೇ ಕೊಡಿ ಅಂತ ಕೆಲವರು ಕೇಳುತ್ತಿದ್ದಾರೆ.

ಮಂಡ್ಯದಿಂದ:
ಕೊಡಿ. ಬೀಜ ಡಬ್ಬಿಯಲ್ಲಿ, ತಣ್ಣಗಿರುವ ಕಡೆ, ತಿಂಗಳುಗಟ್ಟಲೆ ಇರುತ್ತದೆ. ಪುಡಿ ಹಾಗಲ್ಲ, ಬೇಗ ಕಮಟಾಗುತ್ತದೆ. ‘ಬೇಕಾದಷ್ಟೇ ಪುಡಿ ಮಾಡಿಕೊಳ್ಳಿ, ಮಿಕ್ಕಿದ್ದು ಫ್ರಿಜ್ಜಿನಲ್ಲಿಡಿ’ ಅಂತ ಹಾಕಿ. ಬೀಜವನ್ನು ಹಾಗೇ ನುಂಗಿದರೆ ಬಹಳಷ್ಟು ಹಾಗೇ ಹೊರಗೆ ಹೋಗುತ್ತದೆ, ಅದನ್ನೂ ಹೇಳಿ. ದಿನಕ್ಕೆ ಒಂದೆರಡು ಚಮಚ, ಜೊತೆಗೆ ಜಾಸ್ತಿ ನೀರು.

ಪ್ರಶ್ನೆ ಕೇಳಿದವರು:
ಪ್ರೆಸ್ಸಿಗೆ ಕಳಿಸಿದೆ: ‘ಬಿಸಿ ಮಾಡದೆ ತೆಗೆದ ಅಗಸೆ ಎಣ್ಣೆ. ತಿನ್ನುವ ಎಣ್ಣೆ. ಒಲೆಗೆ ಇಡಬೇಡಿ. ಬಾಟಲಿಯನ್ನು ಫ್ರಿಜ್ಜಿನಲ್ಲಿಡಿ. ಕಮಟು ವಾಸನೆ ಬಂದರೆ ಬಳಸಬೇಡಿ.’ ಎಲ್ಲರಿಗೂ ಧನ್ಯವಾದ.

ಮೂರನೆಯವರು:
‘ಬಾಟಲಿ’ಯಾ? ಸೀಸೆ ಅನ್ನಬಹುದಿತ್ತು.

ಮೈಸೂರಿನ ಇನ್ನೊಬ್ಬರು:
ಸೀಸೆ ಫಾರಸಿಯದು.

ಮೂರನೆಯವರು:
ಹಾಗಾದರೆ ಬುದ್ದಲಿ.

ಮಂಡ್ಯದಿಂದ:
ಬುದ್ದಲಿ ತೊಗಲಿನದು. ಇದು ಗಾಜಿನದು. ಸುಮ್ನೆ ಇರಿ ಸ್ವಾಮಿ.