ಹಳೇ ಆಪ್ಟಿಪ್ಲೆಕ್ಸ್‌ಗೆ 4 ಟಿಬಿ ಹಾರ್ಡ್ ಡಿಸ್ಕ್: ಒಂದು ಪೋರ್ಟಲ್ಲಿ ಕಾಣೋದೇ ಇಲ್ಲ, ಇನ್ನೊಂದರಲ್ಲಿ 1678 ಜಿಬಿ ಮಾತ್ರ

ಅಕ್ಷರಜೋಡಣೆ:

ಎಲ್ಲರಿಗೂ ನಮಸ್ಕಾರ. ಯಂತ್ರ ಡೆಲ್ ಆಪ್ಟಿಪ್ಲೆಕ್ಸ್ 755 ಮಿನಿಟವರ್, ಕೋರ್ 2 ಡುಯೋ, 4 ಜಿಬಿ ರ‍್ಯಾಮ್, ವಿಂಡೋಸ್ 7 ಎಸ್‌ಪಿ1, 64 ಬಿಟ್. ಹಳೆಯ ಡಿಟಿಪಿ ಸಾಫ್ಟ್‌ವೇರ್ ಇದರಲ್ಲೇ ಇರುವುದರಿಂದ ಯಂತ್ರ ಬದಲಿಸುವ ಹಾಗಿಲ್ಲ. ಈಗಿರುವ 160 ಜಿಬಿ ಸಾಟಾ (ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಬಗೆ) ಡಿಸ್ಕ್ ತುಂಬಿದೆ. ಕಡತಗಳನ್ನು ಇಡಲು ಹೊಸ 4 ಟಿಬಿ ಡಿಸ್ಕ್ ಒಂದನ್ನು ಜೊತೆಗೆ ಸೇರಿಸಿದ್ದೇನೆ.

ಖಾಲಿ ಇದ್ದ ಸಾಟಾ ಪೋರ್ಟ್‌ಗೆ ಹೊಸ ಕೇಬಲ್ ಹಾಕಿ ಜೋಡಿಸಿದರೆ ಬಯಾಸ್‌ನಲ್ಲೂ (ಯಂತ್ರ ಆನ್ ಆದಾಗ ಮೊದಲು ಓಡುವ, ಬೋರ್ಡ್‌ನೊಳಗಿನ ಸಾಫ್ಟ್‌ವೇರ್) ಇಲ್ಲ, ವಿಂಡೋಸ್‌ನಲ್ಲೂ ಇಲ್ಲ. ಆದರೆ ಡಿಸ್ಕ್ ತಿರುಗುತ್ತಿದೆ, ಕೈಯಿಟ್ಟರೆ ಅದುರುವುದು ಗೊತ್ತಾಗುತ್ತದೆ. ಡಿವಿಡಿ ಡ್ರೈವ್‌ನ ಡೇಟಾ ಕೇಬಲ್ ಕಿತ್ತು ಇದಕ್ಕೆ ಕೊಟ್ಟರೆ ಬಯಾಸ್‌ನಲ್ಲಿ ಬರುತ್ತದೆ. ಆಗ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಒಟ್ಟು 1678.02 ಜಿಬಿ ಅಂತ ಮಾತ್ರ ತೋರಿಸುತ್ತದೆ. ಡಿಸ್ಕೇ ಹಾಳೋ, ಮದರ್‌ಬೋರ್ಡ್‌ಗೆ ಇಷ್ಟು ದೊಡ್ಡ ಡಿಸ್ಕ್ ಆಗಿಬರುವುದಿಲ್ಲವೋ?

ತುಂಗಾತೀರ:

ಡಿಸ್ಕ್ ಹಾಳಾಗಿಲ್ಲ ಸರ್, ವಾಪಸ್ ಕೊಡಲು ಹೋಗಬೇಡಿ. ನಿಮ್ಮಲ್ಲಿರುವುದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ತೊಂದರೆ. 1678ರ ವಿಷಯ ಆಮೇಲೆ. ಮೊದಲು ಪೋರ್ಟ್.

ಈ ಕಾಲದ ಆಪ್ಟಿಪ್ಲೆಕ್ಸ್‌ಗಳಲ್ಲಿ ಪ್ರತಿಯೊಂದು ಸಾಟಾ ಪೋರ್ಟ್‌ಗೂ ಬಯಾಸ್‌ನಲ್ಲಿ ಬೇರೆ ಬೇರೆ ಆನ್, ಆಫ್ ಇದೆ. ಬಳಸದ ಪೋರ್ಟ್ ಆಫ್ ಆಗಿದ್ದರೆ ಡಿಸ್ಕ್‌ಗೆ ಕರೆಂಟ್ ಹೋಗುತ್ತದೆ, ತಿರುಗುತ್ತದೆ, ಬೋರ್ಡ್ ಮಾತ್ರ ಅದನ್ನು ಕೇಳುವುದೇ ಇಲ್ಲ. ಬೇರೆ ಕಂಪನಿಯ ಬೋರ್ಡ್‌ಗಳು ತಾವಾಗಿಯೇ ಹುಡುಕಿಕೊಳ್ಳುವುದರಿಂದ ಇದು ಅನೇಕರಿಗೆ ಹೊಳೆಯುವುದಿಲ್ಲ.

ಪವರ್ ಕೇಬಲ್ ಕಿತ್ತು, ಒಮ್ಮೆ ಪವರ್ ಬಟನ್ ಒತ್ತಿ ಉಳಿದ ಚಾರ್ಜ್ ಇಳಿಸಿ. ಹೊಸ ಡಿಸ್ಕ್‌ನ ಕೇಬಲ್ ಬೋರ್ಡ್‌ನಲ್ಲಿ ಎಲ್ಲಿಗೆ ಹೋಗಿದೆಯೋ ಅದರ ಪಕ್ಕದಲ್ಲಿ ಸಾಟಾ ಅಂತ ಒಂದು ಅಂಕಿಯ ಜೊತೆ ಅಚ್ಚಾಗಿರುತ್ತದೆ, ಬರೆದಿಟ್ಟುಕೊಳ್ಳಿ. ಯಂತ್ರ ಆನ್ ಮಾಡಿ ಡೆಲ್ ಲೋಗೋ ಬಂದ ತಕ್ಷಣ ಎಫ್2. ಎಡಗಡೆ ಡ್ರೈವ್ಸ್ ವಿಭಾಗ ತೆರೆದು ಅದೇ ಅಂಕಿಯ ಸಾಟಾ ಆನ್ ಮಾಡಿ ಸೇವ್ ಮಾಡಿ ಹೊರಬನ್ನಿ. ಮತ್ತೆ ಎಫ್2 ಒತ್ತಿ ಅಲ್ಲೇ ನೋಡಿ, ಡಿಸ್ಕ್‌ನ ಮಾಡೆಲ್ ನಂಬರ್ ಕಾಣಬೇಕು.

ಮುಂದೆ ಯಾವಾಗಲಾದರೂ ಆ ಡಿಸ್ಕ್ ತೆಗೆದರೆ ಪೋರ್ಟನ್ನೂ ಆಫ್ ಮಾಡಿ. ಇಲ್ಲದಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಡ್ರೈವ್ ಸಿಗಲಿಲ್ಲ, ಎಫ್1 ಒತ್ತಿ ಅಂತ ನಿಂತುಬಿಡುತ್ತದೆ.

ಹೊಸ ಡಿಸ್ಕ್ ಸೇರಿದ ಮೇಲೆ ವಿಂಡೋಸ್ ಏಳದೆ ಆಪರೇಟಿಂಗ್ ಸಿಸ್ಟಮ್ ಇಲ್ಲ ಎಂದರೂ ಗಾಬರಿ ಬೇಡ. ಖಾಲಿ ಡಿಸ್ಕ್ ಬೂಟ್ ಸಾಲಿನಲ್ಲಿ ಮುಂದೆ ಬಂದಿರುತ್ತದೆ ಅಷ್ಟೆ. ಬೂಟ್ ಸೀಕ್ವೆನ್ಸ್‌ನಲ್ಲಿ 160 ಜಿಬಿಯದನ್ನು ಮೇಲಕ್ಕೆ ತನ್ನಿ.

ಹುಬ್ಬಳ್ಳಿ ಸರ್ವಿಸ್:

ಪೋರ್ಟ್ ವಿಷಯ ತುಂಗಾತೀರ ಅವರು ಹೇಳಿದ್ದು ಸರಿ ಐತಿ. ಇನ್ನ 1678.02. ಈ ಅಂಕಿ ನೋಡಿದ್ರ ಸಾಕು, ತಪ್ಪು ಎಲ್ಲೈತಿ ಅಂತ ತಿಳೀತದ. ಲೆಕ್ಕ ಇಲ್ಲಿ ನೋಡ್ರಿ.

4 ಟಿಬಿ ಡಿಸ್ಕ್‌ನಲ್ಲಿ 512 ಬೈಟ್‌ನ 781,40,37,168 ಸೆಕ್ಟರ್ (ಡೇಟಾ ಇಡುವ ತುಂಡು) ಇರುತ್ತವೆ. ವಿಂಡೋಸ್ ಎಣಿಸುವ ರೀತಿಯಲ್ಲಿ ಅದು 3726.02 ಜಿಬಿ. ಹಳೆಯ ಡ್ರೈವರ್‌ಗಳು (ವಿಂಡೋಸ್ ಡಿಸ್ಕ್ ಜೊತೆ ಮಾತಾಡಲು ಬಳಸುವ ಸಾಫ್ಟ್‌ವೇರ್) ಸೆಕ್ಟರ್ ಸಂಖ್ಯೆಯನ್ನು 32 ಬಿಟ್‌ನಲ್ಲಿ ಇಡುತ್ತವೆ, ಅಂದರೆ 429,49,67,296 ಸೆಕ್ಟರ್ ಆದ ಮೇಲೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. ಅಷ್ಟು ಸೆಕ್ಟರ್ ಎಂದರೆ ಸರಿಯಾಗಿ 2048 ಜಿಬಿ. 3726.02ರಲ್ಲಿ 2048 ಕಳೆದರೆ ಉಳಿಯುವುದು 1678.02. 3 ಟಿಬಿ ಡಿಸ್ಕ್ ಹಾಕಿದವರಿಗೆ 746 ಜಿಬಿ ಕಾಣುವುದೂ ಇದೇ ಕಾರಣಕ್ಕೆ.

ಇದನ್ನು ಎಂಬಿಆರ್ (ಡಿಸ್ಕ್ ಯಾವ ಭಾಗಗಳಾಗಿ ಹಂಚಿದೆ ಎಂದು ಬರೆದಿಡುವ ಹಳೇ ಬಗೆಯ ಪಟ್ಟಿ) ಮಿತಿಯ ಜೊತೆ ಕಲಸಬೇಡಿ. ಎಂಬಿಆರ್ ತೊಂದರೆಯಾಗಿದ್ದರೆ ಒಟ್ಟು ಗಾತ್ರ 3726 ಅಂತ ಸರಿಯಾಗಿಯೇ ಇದ್ದು, ಅದು 2048 ಮತ್ತು 1678.02 ಅಂತ ಎರಡು ತುಂಡಾಗಿ, ಎರಡನೆಯ ತುಂಡಿನಲ್ಲಿ ಏನೂ ಮಾಡಲಾಗದ ಹಾಗೆ ಇರುತ್ತಿತ್ತು. ನಿಮಗೆ ಒಟ್ಟು ಗಾತ್ರವೇ 1678.02. ಹಾಗಾಗಿ ತಪ್ಪು ಡ್ರೈವರ್‌ನದು. ಜಿಪಿಟಿ (ಆ ಪಟ್ಟಿಯ ಹೊಸ ಬಗೆ, 2 ಟಿಬಿ ಮೀರಿದ ಡಿಸ್ಕ್‌ಗೂ ಆಗುತ್ತದೆ) ಮಾಡಿ ಅಂತ ಯಾರಾದರೂ ಹೇಳಿದರೂ ಈಗಲೇ ಮಾಡಬೇಡಿ. ಡ್ರೈವರ್ ಸರಿಯಾಗುವ ತನಕ ಆ ಡಿಸ್ಕ್ ಮೇಲೆ ಒಂದು ಕಡತವನ್ನೂ ಬರೆಯಬೇಡಿ.

ಡಿವೈಸ್ ಮ್ಯಾನೇಜರ್‌ನಲ್ಲಿ ಐಡಿಇ ಎಟಿಎ ಕಂಟ್ರೋಲರ್ಸ್ ಬಿಚ್ಚಿ ನೋಡಿ. ಇಂಟೆಲ್ ಹೆಸರಿನ ಎಎಚ್‌ಸಿಐ (ಸಾಟಾ ಕೆಲಸ ಮಾಡುವ ಒಂದು ವಿಧಾನ) ಕಂಟ್ರೋಲರ್ ಇದ್ದು, ಪ್ರಾಪರ್ಟೀಸ್‌ನ ಡ್ರೈವರ್ ಟ್ಯಾಬ್‌ನಲ್ಲಿ ಆವೃತ್ತಿ 10.1ಕ್ಕಿಂತ ಹಳೆಯದಾಗಿದ್ದರೆ ಅದೇ ಕಳ್ಳ. 2 ಟಿಬಿ ಮೀರಿದ ಡಿಸ್ಕ್‌ಗೆ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ 10.1 ಅಥವಾ ಆಮೇಲಿನದು ಬೇಕು. ಇದಕ್ಕಿಂತ ಸುಲಭದ ದಾರಿ ವಿಂಡೋಸ್‌ನ ಸ್ವಂತ ಡ್ರೈವರ್: ಅಪ್‌ಡೇಟ್ ಡ್ರೈವರ್, ಬ್ರೌಸ್ ಮೈ ಕಂಪ್ಯೂಟರ್, ಲೆಟ್ ಮಿ ಪಿಕ್, ಪಟ್ಟಿಯಲ್ಲಿ ಸ್ಟ್ಯಾಂಡರ್ಡ್ ಎಎಚ್‌ಸಿಐ 1.0 ಸೀರಿಯಲ್ ಎಟಿಎ ಕಂಟ್ರೋಲರ್ ಆರಿಸಿ ರೀಸ್ಟಾರ್ಟ್ ಮಾಡಿ. ಮೊದಲೇ ಒಂದು ರಿಸ್ಟೋರ್ ಪಾಯಿಂಟ್ ಇಟ್ಟುಕೊಳ್ಳಿ. ರೇಯ್ಡ್ (ಹಲವು ಡಿಸ್ಕ್ ಸೇರಿಸಿ ಒಂದಾಗಿ ಬಳಸುವುದು) ಕಟ್ಟಿದ್ದ ಯಂತ್ರವಾದರೆ ಈ ಎರಡನೇ ದಾರಿ ಬೇಡ.

ಬಯಾಸ್‌ನಲ್ಲಿರುವ ಸಾಟಾ ಆಪರೇಷನ್ ಸೆಟ್ಟಿಂಗ್ ಮಾತ್ರ ಮುಟ್ಟಬೇಡಿ. ಎಎಚ್‌ಸಿಐ ಇದ್ದದ್ದನ್ನು ಎಟಿಎ ಮಾಡಿದರೆ, ಅಥವಾ ಎಟಿಎಯನ್ನು ಎಎಚ್‌ಸಿಐ ಮಾಡಿದರೆ, ವಿಂಡೋಸ್ ಏಳುವಾಗ 0x7ಬಿ ನೀಲಿ ಪರದೆ ಬರುವ ಸಂಭವ ಹೆಚ್ಚು. ಬಂದರೆ ಹಳೇ ಸೆಟ್ಟಿಂಗ್‌ಗೆ ತಿರುಗಿಸಿ, ಏನೂ ಹಾಳಾಗಿರುವುದಿಲ್ಲ.

ಅಕ್ಷರಜೋಡಣೆ:

ಇಬ್ಬರಿಗೂ ತುಂಬಾ ಧನ್ಯವಾದ. ಪೋರ್ಟ್ ಆಫ್ ಆಗಿಯೇ ಇತ್ತು, ಆನ್ ಮಾಡಿದೆ. ಡ್ರೈವರ್ 8ರ ಸಾಲಿನದು, ವಿಂಡೋಸ್‌ನದಕ್ಕೆ ಬದಲಿಸಿದೆ. ಈಗ ಒಟ್ಟು 3726.02 ಜಿಬಿ ತೋರಿಸುತ್ತಿದೆ. ಆದರೆ ನಿಮ್ಮ ಉತ್ತರ ಬರುವ ಮೊದಲೇ ಇನಿಶಿಯಲೈಸ್ ಮಾಡಿ ಫಾರ್ಮ್ಯಾಟ್ ಕೂಡ ಮಾಡಿಬಿಟ್ಟಿದ್ದೆ, ಎಂಬಿಆರ್ ಇತ್ತು. ಈಗ ಜಿಪಿಟಿಗೆ ಬದಲಿಸುವ ಆಯ್ಕೆ ಮಸುಕಾಗಿದೆ, ಒತ್ತಲು ಬರುತ್ತಿಲ್ಲ. ಇನ್ನೊಂದು ಪ್ರಶ್ನೆ: ವಿಂಡೋಸನ್ನೇ ಈ ಡಿಸ್ಕ್‌ಗೆ ಸಾಗಿಸಬಹುದೇ?

ಹುಬ್ಬಳ್ಳಿ ಸರ್ವಿಸ್:

ಡಿಸ್ಕ್ ಮೇಲೆ ಒಂದೇ ಒಂದು ವಾಲ್ಯೂಮ್ ಇದ್ದರೂ ಆ ಆಯ್ಕೆ ಮಸುಕಾಗಿರುತ್ತದ್ರಿ. ವಾಲ್ಯೂಮ್ ಮೇಲೆ ಬಲ ಕ್ಲಿಕ್, ಡಿಲೀಟ್ ವಾಲ್ಯೂಮ್. ಪೂರ್ತಿ ಖಾಲಿಯಾದ ಮೇಲೆ ಎಡಗಡೆ ಡಿಸ್ಕ್ 1 ಅಂತ ಬರೆದಿರುವ ಬೂದು ಪೆಟ್ಟಿಗೆಯ ಮೇಲೆ ಬಲ ಕ್ಲಿಕ್ ಮಾಡಿದರೆ ಕನ್ವರ್ಟ್ ಟು ಜಿಪಿಟಿ ಸಿಗುತ್ತದೆ.

ಅದೂ ಹಠ ಮಾಡಿದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಡಿಸ್ಕ್‌ಪಾರ್ಟ್. ಲಿಸ್ಟ್ ಡಿಸ್ಕ್ ಕೊಟ್ಟು ಗಾತ್ರ ನೋಡಿ, 3726 ಇರುವುದು ಯಾವ ನಂಬರ್ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ಸೆಲೆಕ್ಟ್ ಡಿಸ್ಕ್ 1 (ನಂಬರ್ ಬೇರೆ ಇದ್ದರೆ ಆ ನಂಬರ್), ಕ್ಲೀನ್, ಕನ್ವರ್ಟ್ ಜಿಪಿಟಿ. ಕ್ಲೀನ್ ಕೊಟ್ಟರೆ ಹೌದೋ ಅಲ್ಲವೋ ಅಂತ ಕೇಳುವುದಿಲ್ಲ, ಕ್ಷಣದಲ್ಲಿ ಪಾರ್ಟಿಷನ್ ಪಟ್ಟಿ ಹೋಗುತ್ತದೆ. ಆದ್ದರಿಂದ ಈ ಹೆಜ್ಜೆಗೆ ಮುಂಚೆ ಯಂತ್ರ ಆಫ್ ಮಾಡಿ 160 ಜಿಬಿ ಮತ್ತು ಈ 4 ಟಿಬಿ ಬಿಟ್ಟು ಬೇರೆ ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಎಲ್ಲ ತೆಗೆದಿಡಿ.

ಫಾರ್ಮ್ಯಾಟ್ ಎನ್‌ಟಿಎಫ್‌ಎಸ್, ಕ್ವಿಕ್. ಡಿಸ್ಕ್ ಮೇಲ್ಮೈ ಪೂರ್ತಿ ಪರೀಕ್ಷೆ ಆಗಲಿ ಎಂದರೆ ಕ್ವಿಕ್ ಟಿಕ್ ತೆಗೆಯಿರಿ. ಸೆಕೆಂಡ್‌ಗೆ 150 ಎಂಬಿ ವೇಗವಿದ್ದರೂ ಏಳೂವರೆ ತಾಸು ಹಿಡಿಯುತ್ತದೆ, ಯುಪಿಎಸ್ ಇಲ್ಲದೆ ಶುರು ಮಾಡಬೇಡಿ.

ವಿಂಡೋಸ್ ಸಾಗಿಸುವುದು ಬೇಡ. ಈ ಯಂತ್ರದಲ್ಲಿ ಇರುವುದು ಹಳೇ ಬಗೆಯ ಬಯಾಸ್, ಯುಇಎಫ್‌ಐ (ಬಯಾಸ್‌ನ ಬದಲು ಬಂದ ಹೊಸ ಬಗೆ) ಅಲ್ಲ. ವಿಂಡೋಸ್ 7 ಜಿಪಿಟಿ ಡಿಸ್ಕ್‌ನಿಂದ ಏಳಬೇಕಾದರೆ ಯುಇಎಫ್‌ಐ ಬೇಕೇ ಬೇಕು. ಡೇಟಾ ಡಿಸ್ಕ್ ಆಗಿ ಬಳಸುವುದಕ್ಕೆ ಅದು ಬೇಕಿಲ್ಲ, ಯಾಕೆಂದರೆ ಬಯಾಸ್ 160 ಜಿಬಿಯಿಂದ ವಿಂಡೋಸನ್ನು ಎಬ್ಬಿಸಿ ಸುಮ್ಮನಾಗುತ್ತದೆ, 4 ಟಿಬಿಯನ್ನು ಓದುವುದು ವಿಂಡೋಸ್‌ನ ಡ್ರೈವರ್. ವೇಗ ಬೇಕಿದ್ದರೆ ಸಿ ಡ್ರೈವ್‌ಗೆ 240 ಜಿಬಿ ಸಾಟಾ ಎಸ್‌ಎಸ್‌ಡಿ ಹಾಕಿಸಿ. ಈ ಬೋರ್ಡ್‌ನ ಸಾಟಾ ಸೆಕೆಂಡ್‌ಗೆ 3 ಗಿಗಾಬಿಟ್‌ನದೇ ಆದರೂ ವ್ಯತ್ಯಾಸ ಮೊದಲ ದಿನವೇ ಕಾಣುತ್ತದೆ.

ಕಾವೇರಿಕಂಪ್ಯೂಟರ್ಸ್:

ಒಂದು ಮಾತು ಸೇರಿಸುತ್ತೇನೆ. ಕಡತ ನಕಲು ಮಾಡುವ ಮೊದಲು ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಸಿ7 ಸಾಲು ನೋಡಿ, ಯುಡಿಎಂಎ ಸಿಆರ್‌ಸಿ ಎರರ್ ಕೌಂಟ್ ಅಂತ ಇರುತ್ತದೆ. 20 ಜಿಬಿ ನಕಲಿಸಿ ಮತ್ತೆ ನೋಡಿ. ಅಂಕಿ ಏರಿದ್ದರೆ ಹೆಚ್ಚಾಗಿ ಡಿಸ್ಕ್‌ನ ತಪ್ಪಲ್ಲ, ಡೇಟಾ ಕೇಬಲ್‌ನದು. ಕಬ್ಬಿಣದ ಕ್ಲಿಪ್ ಇರುವ ಕೇಬಲ್ ಕೇಳಿ ತೆಗೆದುಕೊಳ್ಳಿ, ಬೆಂಗಳೂರಿನವರಾದರೆ ಎಸ್.ಪಿ. ರೋಡಿನ ಯಾವ ಅಂಗಡಿಯಲ್ಲೂ ಸಿಗುತ್ತದೆ. ಪವರ್‌ಗೆ ಮೋಲೆಕ್ಸ್‌ನಿಂದ (ಹಳೇ ನಾಲ್ಕು ಪಿನ್ ಪವರ್ ಕನೆಕ್ಟರ್) ಸಾಟಾ ಮಾಡುವ ಅಡಾಪ್ಟರ್ ಹಾಕುವುದಾದರೆ ತಂತಿಗಳು ಪ್ಲಾಸ್ಟಿಕ್‌ನಲ್ಲಿ ಎರಕವಾಗಿ ಅಂಟಿರುವುದು ಬೇಡವೇ ಬೇಡ. ಒಳಗೆ ಹಳದಿ 12 ವೋಲ್ಟ್ ತಂತಿ ಪಕ್ಕದ್ದಕ್ಕೆ ತಾಗಿ ಸುಟ್ಟುಹೋದದ್ದು ಉಂಟು. ತಂತಿ ಒಂದೊಂದೂ ಬೇರೆಯಾಗಿ ಕ್ರಿಂಪ್ ಆಗಿರುವುದನ್ನು ಆರಿಸಿ.

ಮಲ್ಲಿಗೆ_ಮನೆ:

ಇದೇ ಎಳೆಯಲ್ಲಿ ಕೇಳಬಹುದೇ? ನನ್ನದು ಇನ್ನೂ ಹಳೆಯ ಬೋರ್ಡ್, ವಯಾ ವಿಟಿ8237ಆರ್ ಚಿಪ್, ಎಜಿಪಿ ಸ್ಲಾಟ್‌ನದು. 1 ಟಿಬಿ ಸಾಟಾ ಡಿಸ್ಕ್ ಹಾಕಿದರೆ ಬಯಾಸ್ ಬಹಳ ಹೊತ್ತು ಹುಡುಕಿ ಕೈಬಿಡುತ್ತದೆ. ಬೇರೆ ಯಂತ್ರದಲ್ಲಿ ಡಿಸ್ಕ್ ಚೆನ್ನಾಗಿದೆ.

ತುಂಗಾತೀರ:

ಮೇಡಂ, ಅದು ಈ ಚಿಪ್‌ನ ಗೊತ್ತಿರುವ ಕೊರತೆ. ಅದರ ಸಾಟಾ ಸೆಕೆಂಡ್‌ಗೆ 1.5 ಗಿಗಾಬಿಟ್‌ನದು. ಹೊಸ ಡಿಸ್ಕ್ ಹೆಚ್ಚಿನ ವೇಗದಲ್ಲಿ ಮಾತು ಶುರುಮಾಡಿದಾಗ ಇಬ್ಬರೂ ಒಪ್ಪುವ ವೇಗಕ್ಕೆ ಇಳಿದುಬರುವುದು ಇದಕ್ಕೆ ಬರುವುದಿಲ್ಲ. ಡಿಸ್ಕ್‌ನ ಹಿಂಬದಿ, ಡೇಟಾ ಕನೆಕ್ಟರ್ ಪಕ್ಕ ಸಣ್ಣ ಪಿನ್‌ಗಳಿದ್ದರೆ ಲೇಬಲ್ ಓದಿ. ವೆಸ್ಟರ್ನ್ ಡಿಜಿಟಲ್‌ನ 3 ಗಿಗಾಬಿಟ್ ಡಿಸ್ಕ್‌ಗಳಲ್ಲಿ 5 ಮತ್ತು 6ನೇ ಪಿನ್‌ಗೆ ಜಂಪರ್ (ಎರಡು ಪಿನ್ ಜೋಡಿಸುವ ಸಣ್ಣ ಕ್ಲಿಪ್) ಹಾಕಿದರೆ ವೇಗ 1.5ಕ್ಕೆ ನಿಲ್ಲುತ್ತದೆ, ಬಯಾಸ್‌ಗೆ ಆಗ ಕಾಣುತ್ತದೆ. ಪಿನ್ ಇಲ್ಲದ ಡಿಸ್ಕ್ ಆದರೆ ಬೋರ್ಡ್‌ನ ಸಾಟಾ ಬಿಟ್ಟು ಪಿಸಿಐ ಸಾಟಾ ಕಾರ್ಡ್ ಹಾಕಿ, ಸಿಲಿಕಾನ್ ಇಮೇಜ್ 3114 ಚಿಪ್‌ನದು ಸಿಕ್ಕರೆ ಒಳ್ಳೆಯದು. ವಿಂಡೋಸ್ ಎಕ್ಸ್‌ಪಿ 32 ಬಿಟ್ ಇದ್ದರೆ 2 ಟಿಬಿಗಿಂತ ದೊಡ್ಡ ಡಿಸ್ಕ್ ಮಾತ್ರ ಕೊಳ್ಳಬೇಡಿ, ಅದಕ್ಕೆ ಜಿಪಿಟಿ ಓದಲು ಬರುವುದಿಲ್ಲ.

ಹೊಸಬ_77:

ಎಕ್ಸ್‌ಟರ್ನಲ್ ಪೆಟ್ಟಿಗೆಯಿಂದ 3 ಟಿಬಿ ಡಿಸ್ಕ್ ಬಿಚ್ಚಿ ಒಳಗೆ ಹಾಕಿದೆ. ಗಾತ್ರ ಸರಿ ಇದೆ, ಒಳಗೆ ಫೋಟೋಗಳಿದ್ದವು, ಈಗ ಫಾರ್ಮ್ಯಾಟ್ ಮಾಡಿ ಅಂತ ಕೇಳುತ್ತಿದೆ.

ಹುಬ್ಬಳ್ಳಿ ಸರ್ವಿಸ್:

ಕ್ಯಾನ್ಸಲ್ ಒತ್ತಿ, ಏನನ್ನೂ ಒಪ್ಪಬೇಡಿ. ಅಂಥ ಕೆಲವು ಪೆಟ್ಟಿಗೆಗಳ ಯುಎಸ್‌ಬಿ ಚಿಪ್ 512 ಬೈಟ್ ಸೆಕ್ಟರ್‌ಗಳನ್ನು 4096 ಬೈಟ್‌ನವು ಅಂತ ವಿಂಡೋಸ್‌ಗೆ ತೋರಿಸುತ್ತದೆ. ಎಂಬಿಆರ್ ಇಟ್ಟುಕೊಂಡೇ 2 ಟಿಬಿ ದಾಟಲು ಮಾಡಿದ ಉಪಾಯ ಅದು. ನೇರ ಸಾಟಾಕ್ಕೆ ಹಾಕಿದಾಗ ಪಾರ್ಟಿಷನ್ ಎಲ್ಲಿ ಶುರು ಎಂಬ ಲೆಕ್ಕ ಎಂಟು ಪಟ್ಟು ತಪ್ಪುತ್ತದೆ. ಇನ್ನು ಕೆಲವು ಪೆಟ್ಟಿಗೆ ಡೇಟಾವನ್ನು ಗೂಢಲಿಪಿ ಮಾಡಿಯೇ ಬರೆಯುತ್ತವೆ. ಎರಡರಲ್ಲಿ ಯಾವುದೇ ಆದರೂ ಫೋಟೋಗಳು ಡಿಸ್ಕ್ ಮೇಲೆ ಹಾಗೇ ಇವೆ. ಅದೇ ಪೆಟ್ಟಿಗೆಗೆ, ಅದೇ ಸರ್ಕಿಟ್ ಬೋರ್ಡ್‌ಗೆ ಮರಳಿ ಹಾಕಿ ಯುಎಸ್‌ಬಿ ಮೂಲಕ ಬೇರೆ ಡಿಸ್ಕ್‌ಗೆ ಪೂರ್ತಿ ನಕಲು ತೆಗೀರಿ, ನಾಲ್ಕಾರು ಫೋಟೋ ತೆರೆದು ನೋಡ್ರಿ. ಆಮೇಲೆ ಒಳಗೆ ಹಾಕಿ ಹೊಸದಾಗಿ ಜಿಪಿಟಿ ಮಾಡ್ರಿ.